ಗೋಡೆ, ಕಿಟಕಿಯ ಸೀಸಕ್ಕೂ ಒಂದು ಅಳತೆ ಬೇಕು: ರಾಜ್ಯ ಸರ್ಕಾರಕ್ಕೆ ಹಕ್ಕೊತ್ತಾಯ ಪತ್ರ

ಸನ್ಮಾನ್ಯ ಮುಖ್ಯಮಂತ್ರಿಗಳಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು



ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಕೂಡದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಹೀಗೆ ಅಂಗಡಿಯ ಡಬ್ಬಕ್ಕೆ ಕಾನೂನು ಬಂತು. ಅದಕ್ಕೂ ಮೊದಲು ಬಾಗಿಲು, ಕಿಟಕಿ, ಗ್ರಿಲ್ಲುಗಳ ಮೇಲೆ ಪದರ ಪದರವಾಗಿ ಕೂತ ಬಣ್ಣಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಅಂಗನವಾಡಿಯ ಕಿಟಕಿ ಸರಳು ಹಿಡಿದು ಅಮ್ಮನ ದಾರಿ ಕಾಯುವ ಮಗು, ಅದೇ ಕೈಯನ್ನು ಬಾಯಿಗಿಡುತ್ತದೆ. ಅದರ ಕೈಗೆ ಅಂಟುವುದು ಈ ಹಳೆಯ ಬಣ್ಣದ ಪುಡಿ.

ಸೀಸದ ವಿಷಯ ಬೆಂಗಳೂರಿಗೆ ಹೊಸದಲ್ಲ. 1990ರ ದಶಕದ ಕೊನೆಗೆ ಇಲ್ಲಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿತ್ತು. 2000ದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸೀಸದ ವಿಷಬಾಧೆಗೆ ರಾಷ್ಟ್ರೀಯ ರೆಫರಲ್ ಕೇಂದ್ರವೇ ನಡೆಯಿತು. ತಿಳಿದವರು ನಮ್ಮೂರಲ್ಲೇ ಇದ್ದೂ ಕಟ್ಟಡಗಳ ಪರೀಕ್ಷೆಗೆ ನಿಯಮವಿಲ್ಲದಿರುವುದು ಉದಾಸೀನವಲ್ಲದೆ ಬೇರೇನಲ್ಲ. ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಮೊದಲು ಅಳತೆ ನಿಗದಿಪಡಿಸಿ. ಹಳೆಯ ಬಣ್ಣ, ನೆಲದ ಧೂಳು, ಅಂಗಳದ ಮಣ್ಣು ಮೂರಕ್ಕೂ ಬೇರೆ ಬೇರೆ ಮಿತಿ ಬೇಕು. ಡಬ್ಬದ 90 ಪಿಪಿಎಂ ಲೆಕ್ಕವನ್ನು ಧೂಳಿಗೆ ಹಾಕಲಾಗದು. ಧೂಳನ್ನು ಅಳೆಯುವುದು ಒಂದು ಚದರ ಅಡಿಯಲ್ಲಿ ಎಷ್ಟು ಸೀಸವಿದೆ ಎಂದು. ಅಮೆರಿಕ 2001ರಲ್ಲಿ ಮನೆಯ ನೆಲಕ್ಕೆ ಚದರ ಅಡಿಗೆ 40 ಮೈಕ್ರೋಗ್ರಾಂ ಎಂದು ಗೆರೆ ಎಳೆದು, 2019ರಲ್ಲಿ ಅದನ್ನು 10ಕ್ಕೆ ಇಳಿಸಿತು, 2024ರಲ್ಲಿ ಕ್ರಮ ಕೈಗೊಳ್ಳಬೇಕಾದ ಮಟ್ಟವನ್ನು 5 ಎಂದು ಗೊತ್ತುಪಡಿಸಿತು. ಮೊದಲ ಗೆರೆ ಪರಿಪೂರ್ಣವಾಗಿರಬೇಕಿಲ್ಲ, ಇದ್ದರೆ ಸಾಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 0.01 ಮಿಲಿಗ್ರಾಂ ಎಂದು ಆಗಲೇ ಹೇಳಿದೆ. ಅದನ್ನು ಶಾಲೆಯ ನಲ್ಲಿಯಲ್ಲೇ ಅಳೆಯಿರಿ.

2. ಮಾದರಿ ಎಲ್ಲಿಂದ ತೆಗೆಯಬೇಕೆಂದು ಬರೆದಿಡಿ. ಬರೀ ಸುಣ್ಣ ಕಂಡ ಗೋಡೆಯನ್ನು ಕೆರೆದು "ಸೀಸವಿಲ್ಲ" ಎಂದು ವರದಿ ಕೊಡುವುದು ಸುಲಭ. ಆಯಿಲ್ ಪೇಂಟ್ ಕಂಡ ಬಾಗಿಲು, ಸರಳು, ಗೇಟು, ಜಾರುಬಂಡಿಗಳಿಂದ ಶುರುವಾಗಲಿ. ಕಬ್ಬಿಣಕ್ಕೆ ಹಿಂದೆ ಹೊಡೆಯುತ್ತಿದ್ದ ರೆಡ್ ಲೆಡ್ ಪ್ರೈಮರ್ ಸೀಸದ್ದೇ. (ನಮ್ಮ ಹಳೆಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪು ಕಬ್ಬಿಣದ್ದು. ಹೆಸರು ಕೇಳಿ ಯಾರೂ ನೆಲ ಅಗೆಸಬೇಕಿಲ್ಲ.) ನೀರಿನ ಮಾದರಿಯನ್ನು ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ಹಿಡಿಯಬೇಕು, ಹತ್ತು ನಿಮಿಷ ಹರಿಯಬಿಟ್ಟಲ್ಲ.

3. ಬಣ್ಣದ ಪದರದ ಸೀಸವನ್ನು ಸ್ಥಳದಲ್ಲೇ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಜಿಲ್ಲೆಗೊಂದು, ತರಬೇತಾದ ಸಿಬ್ಬಂದಿ, ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯ ಒದಗಿಸಿ. ಬಣ್ಣ ಬದಲಾಗುವ ಕಿಟ್‌ಗಳ ಫಲಿತಾಂಶ ಅಂತಿಮವಾಗಕೂಡದು. ಬಣ್ಣ ಬಳಿದ ಗುತ್ತಿಗೆದಾರನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದಂತೂ ಬೇಡವೇ ಬೇಡ.

4. ಅಂಗನವಾಡಿಗಳು ಮೊದಲು, ಆಮೇಲೆ ಶಾಲೆ, ಹಾಸ್ಟೆಲ್, ಪ್ರಾಥಮಿಕ ಆರೋಗ್ಯ ಕೇಂದ್ರ. ವಿಧಾನಸೌಧ ಕಡೆಗಿರಲಿ.

5. ಒಣ ಉಜ್ಜಾಟ ನಿಷೇಧಿಸಿ. ಇದು ನಮ್ಮ ಅತಿ ತುರ್ತಿನ ಬೇಡಿಕೆ. ಏಪ್ರಿಲ್, ಮೇ ರಜೆಯಲ್ಲಿ ಶಾಲೆಗೆ ಬಣ್ಣದ ಕೆಲಸ ಬರುತ್ತದೆ. ಕೂಲಿಯಾಳು ಪಾಲಿಶ್ ಪೇಪರ್ ಹಿಡಿದು ಕಿಟಕಿ ಉಜ್ಜುತ್ತಾನೆ, ಮೂಗಿಗೆ ಟವೆಲ್ ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಪುಡಿ ಬೆಂಚಿನ ಮೇಲೆ, ನೆಲದ ಮೇಲೆ, ಅವನ ಅಂಗಿಯ ಮೇಲೆ. ಸಂಜೆ ಆಯಾ ಕಸಬರಿಕೆಯಿಂದ ಗುಡಿಸಿ ಅಂಗಳಕ್ಕೆ ಎಸೆಯುತ್ತಾಳೆ. ಅವನು ಅದೇ ಅಂಗಿಯಲ್ಲಿ ಮನೆಗೆ ಹೋಗಿ ಮಗು ಎತ್ತಿಕೊಳ್ಳುತ್ತಾನೆ. ಹೊಸ ಬಣ್ಣ ಎಷ್ಟೇ ಶುದ್ಧವಿರಲಿ, ಹಳೆಯ ಪದರದಲ್ಲಿ ಸುಮ್ಮನೆ ಮಲಗಿದ್ದ ಸೀಸವನ್ನು ಕೋಣೆಯೆಲ್ಲ ಹರಡಿದ್ದಾಯಿತು. ಕೆರೆಯುವ ಮೊದಲು ಪರೀಕ್ಷೆ, ನೀರು ಚಿಮುಕಿಸಿ ಕೆರೆತ, ಒದ್ದೆಬಟ್ಟೆಯಲ್ಲಿ ಒರೆಸುವುದು, ಕೊನೆಗೆ ಧೂಳಿನ ಮರುಪರೀಕ್ಷೆ: ಈ ನಾಲ್ಕನ್ನೂ ಲೋಕೋಪಯೋಗಿ ಇಲಾಖೆಯ ದರಪಟ್ಟಿಗೆ ಸೇರಿಸಿ. ದರಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡುವುದಿಲ್ಲ.

6. ಪೇಂಟಿಂಗ್ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ರಕ್ತ ಪರೀಕ್ಷೆ ಮಾಡಿಸಿ.

7. ಮಗುವಿನ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಂಥ ಮಗುವಿನ ಮನೆಯನ್ನು ಸರ್ಕಾರದ ಖರ್ಚಿನಲ್ಲೇ ಪರೀಕ್ಷಿಸಿ. ಬಾಡಿಗೆಮನೆಯಾದರೆ ರಿಪೇರಿ ಮಾಲೀಕರ ಹೊಣೆ. ದೂರು ಕೊಟ್ಟರೆಂದು ಮನೆ ಖಾಲಿ ಮಾಡಿಸುವಂತಿಲ್ಲ.

8. 2016ರ ನಿಯಮ ಗೃಹಬಳಕೆಯ, ಅಲಂಕಾರಿಕ ಬಣ್ಣಕ್ಕಷ್ಟೇ. ಕೈಗಾರಿಕಾ ಬಣ್ಣ ಅದರಾಚೆ ಉಳಿದಿದೆ. ಆಟದ ಸಾಮಾನಿಗೆ, ಗೇಟಿಗೆ ಅದು ಬರದಂತೆ ಸರ್ಕಾರದ ಎಲ್ಲ ಖರೀದಿಗೂ 90 ಪಿಪಿಎಂ ಷರತ್ತು ಹಾಕಿ.

9. ಪ್ರತಿ ಕಟ್ಟಡದ ಫಲಿತಾಂಶವನ್ನು ಕನ್ನಡದಲ್ಲಿ, ಅಂಕಿಸಮೇತ ಬಾಗಿಲಲ್ಲೇ ಅಂಟಿಸಿ.

ಬರುವ ಬೇಸಿಗೆ ರಜೆಯ ಬಣ್ಣದ ಟೆಂಡರ್ ಕರೆಯುವ ಮುನ್ನ 1 ಮತ್ತು 5ನೇ ಬೇಡಿಕೆಗಳ ಮೇಲೆ ಆದೇಶ ಹೊರಡಿಸಬೇಕು, ಉಳಿದವುಗಳ ಕಾಲಮಿತಿಯನ್ನು ಲಿಖಿತವಾಗಿ ತಿಳಿಸಬೇಕು ಎಂದು ಒತ್ತಾಯಿಸುತ್ತೇವೆ.

ಇಂತಿ,
ಪೋಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪೇಂಟಿಂಗ್ ಕಾರ್ಮಿಕರು