ಹಿಂಗಾಲು ಸೋತ ನಾಯಿ

ಸಂಜೆ ಗೇಟಿನ ಚಿಲಕದ ಸದ್ದು ಕೇಳಿದೊಡನೆ ಸೋಫಾದಿಂದ ಧುಮುಕಿ ಬಾಗಿಲಿಗೆ ಓಡುವುದು ಮಲ್ಲೇಶ್ವರದ ಆ ಮನೆಯ ಮೋತಿಯ ನಿತ್ಯದ ಪರಿಪಾಠ. ಆರು ವರ್ಷದ ಡ್ಯಾಷ್‌ಹಂಡ್ ಅದು. ಚೋಟುದ್ದದ ಕಾಲು, ಮೊಳದುದ್ದದ ಮೈ. ಕೆಲವು ದಿನಗಳಿಂದ ಅದು ಸೋಫಾ ಏರಲು ಹಿಂಜರಿಯುತ್ತಿತ್ತು, ಎತ್ತಿಕೊಂಡರೆ ಕುಂಯ್‌ಗುಡುತ್ತಿತ್ತು. "ಅದಕ್ಕೂ ವಯಸ್ಸಾಯಿತು, ವಾತ ಹಿಡಿದಿರಬೇಕು" ಎಂದು ಅಜ್ಜಿ ತೀರ್ಪಿತ್ತರು. ಹರಳೆಣ್ಣೆ ಕಾಯಿಸಿ ಬೆನ್ನಿಗೆ ಸವರಿದ್ದೂ ಆಯಿತು. ಒಂದು ಬೆಳಿಗ್ಗೆ ನೋಡಿದರೆ ಮೋತಿ ಮುಂಗಾಲುಗಳ ಬಲದಿಂದಲೇ ತೆವಳುತ್ತಿದೆ; ಹಿಂಗಾಲೆರಡೂ ಒದ್ದೆಬಟ್ಟೆಯಂತೆ ನೆಲವನ್ನು ಒರೆಸಿಕೊಂಡು ಬರುತ್ತಿವೆ.

ತಂದೆ ತಮ್ಮ ಮಂಡಿನೋವಿಗೆಂದು ಇಟ್ಟುಕೊಂಡಿದ್ದ ಮಾತ್ರೆಗೆ ಕೈಹಾಕಿದರು. ಮಗಳು ತಡೆದಳು. ಅವಳು ತಡೆದುದೇ ಮೋತಿಯ ಪುಣ್ಯ. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ, ಮೂತ್ರಪಿಂಡಗಳನ್ನೇ ಕೆಡಿಸಬಲ್ಲವು. ಅಲ್ಲದೆ, ಮನೆಯಲ್ಲಿ ಒಂದು ಮದ್ದು ನುಂಗಿಸಿದ ಮೇಲೆ ವೈದ್ಯರು ಕೊಡಬೇಕಾದ ಇನ್ನೊಂದು ಮದ್ದಿಗೆ ದಾರಿಯೇ ಮುಚ್ಚಿಹೋಗುವುದೂ ಉಂಟು.

ಬಡಾವಣೆಯ ಪಶುವೈದ್ಯರು ಬಂದು ನೋಡಿ, ಆ ದಿನವೇ ಶಸ್ತ್ರಚಿಕಿತ್ಸಾ ತಜ್ಞರಲ್ಲಿಗೆ ಕರೆದೊಯ್ಯಬೇಕೆಂದರು. ನಾಯಿಗೂ ತಜ್ಞರೇ ಎಂದು ಅಜ್ಜಿ ಹುಬ್ಬೇರಿಸಿದರು. ಇದ್ದಾರೆ. ಪಶುವೈದ್ಯ ಪದವಿಯ ಮೇಲೆ ಶಸ್ತ್ರವಿಭಾಗದಲ್ಲಿಯೇ ಸ್ನಾತಕೋತ್ತರ ವ್ಯಾಸಂಗ ಮಾಡಿದವರು ಅವರು. 1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನಂಥ ಕಡೆಗಳಲ್ಲಿ ಆ ವ್ಯಾಸಂಗ ನಡೆಯುತ್ತದೆ. ಅಟ್ಟದ ಮೇಲಿದ್ದ ಹಲಗೆಯನ್ನು ಇಳಿಸಿ, ಕಂಬಳಿ ಹಾಸಿ, ಎದೆಯ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ ಕೊಟ್ಟು ಮೋತಿಯನ್ನು ಅದರ ಮೇಲೆ ಮಲಗಿಸಿದರು. ಕಂಕುಳಿಗೆ ಕೈಹಾಕಿ ಎತ್ತಿ ಬೆನ್ನನ್ನು ಜೋತಾಡಿಸಿದ್ದರೆ ಇದ್ದ ಹಾನಿ ಇಮ್ಮಡಿಯಾಗುತ್ತಿತ್ತು.

ಬೆನ್ನೆಲುಬಿನ ಮಣಿಮಣಿಗಳ ನಡುವೆ ಒಂದೊಂದು ಮೆತ್ತೆಯಿರುತ್ತದೆ. ಅದರ ತಿರುಳು ಎಳೆಯ ನಾಯಿಯಲ್ಲಿ ಲೋಳೆಯಂತೆ ಮೃದು. ಡ್ಯಾಷ್‌ಹಂಡ್ ಜಾತಿಯಲ್ಲಾದರೋ ಅದು ಬಹು ಬೇಗ ಒಣಗಿ ಸುಣ್ಣಗಟ್ಟುತ್ತದೆ. ಒಂದು ದಿನ ಸಣ್ಣದೊಂದು ನೆಗೆತಕ್ಕೇ ಮೆತ್ತೆ ಹರಿದು, ತಿರುಳು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಅದುಮುತ್ತದೆ. ಜಂಬುನಾಯಿಯ ಈ ಸೊಬಗಿನ ಗಿಡ್ಡಗಾಲಿಗೂ ಆ ಕಾಯಿಲೆಗೂ ನಂಟುಂಟು: ಎಫ್‌ಜಿಎಫ್4 ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಯೊಂದು 12ನೆಯ ವರ್ಣತಂತುವಿನಲ್ಲಿ ಸೇರಿಕೊಂಡಿರುವುದೇ ಮೆತ್ತೆಯ ಈ ಅಕಾಲ ಮುಪ್ಪಿಗೆ ಕಾರಣವೆಂದು 2017ರಲ್ಲಿ ತಿಳಿದುಬಂದಿತು. ಈ ಜಾತಿಯ ನಾಯಿಗಳಲ್ಲಿ 5ಕ್ಕೆ ಸುಮಾರು ಒಂದು ತನ್ನ ಜೀವಮಾನದಲ್ಲಿ ಈ ಕಷ್ಟಕ್ಕೆ ಗುರಿಯಾಗುತ್ತದೆ. ಅಜ್ಜಿ ವಾತವೆಂದು ಕರೆದುದು ಇದನ್ನು.

ತಜ್ಞರು ಎಕ್ಸ್-ರೇ ಯಂತ್ರದ ಕಡೆಗೆ ತಿರುಗಿಯೂ ನೋಡಲಿಲ್ಲ. ಮೊದಲು ಎಂದಿನಿಂದ, ಹೇಗೆ ಎಂದು ಕೇಳಿದರು. ಮಗಳು ಹಿಂದಿನ ವಾರ ತನ್ನ ಫೋನಿನಲ್ಲಿ ಹಿಡಿದಿದ್ದ ಚಿತ್ರವನ್ನು ಎರಡು ಸಲ ನೋಡಿದರು. ಆಸ್ಪತ್ರೆಯ ಗಾಬರಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತುಬಿಡುವುದರಿಂದ ಮನೆಯಲ್ಲಿ ತೆಗೆದ ಇಂಥ ಚಿತ್ರಕ್ಕೆ ಬೆಲೆ ಹೆಚ್ಚು. ಬಳಿಕ ಮೋತಿಯನ್ನು ಹೊಟ್ಟೆಗೆ ಆಸರೆಯಿತ್ತು ನಿಲ್ಲಿಸಿ, ಹಿಂಗಾಲಿನ ಪಾದವನ್ನು ಮಡಿಚಿ ನೆಲಕ್ಕೆ ತಾಗಿಸಿದರು. ಆರೋಗ್ಯವಂತ ನಾಯಿ ಅದನ್ನು ತಕ್ಷಣವೇ ನೇರಮಾಡಿಕೊಳ್ಳುತ್ತದೆ. ಮೋತಿಯ ಪಾದ ಮಡಿಚಿದಂತೆಯೇ ಉಳಿಯಿತು.

ಅನಂತರ ಬೆರಳನ್ನು ಹಿಚುಕಿದರು. ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು.

"ಎಳೆದುಕೊಂಡಿತು ಡಾಕ್ಟರೇ, ಕಾಲಿನಲ್ಲಿ ಜೀವವಿದೆ!" ಎಂದಳು ಮಗಳು.

"ಅಷ್ಟು ಸಾಲದಮ್ಮ. ಕಾಲೆಳೆಯುವುದು ಬೆನ್ನುಹುರಿಯ ಕೆಳಭಾಗ ತಾನಾಗಿಯೇ ಮಾಡುವ ಕೆಲಸ. ನೋವಿನ ಸುದ್ದಿ ತಲೆಗೆ ಮುಟ್ಟಿತೇ ಎಂಬುದು ತಿಳಿಯಬೇಕು."

ಇಕ್ಕಳದಿಂದ ಬೆರಳೆಲುಬನ್ನು ಒತ್ತಿದರು. ಎರಡು ಕ್ಷಣ ಯಾರೂ ಉಸಿರಾಡಲಿಲ್ಲ. ಮೋತಿ ಗಕ್ಕನೆ ಕತ್ತು ಹೊರಳಿಸಿ, ಹಲ್ಲುಕಿರಿದು, ಡಾಕ್ಟರ ಕೈಗೆ ಬಾಯಿಹಾಕಿತು.

"ಅಯ್ಯೋ, ಕ್ಷಮಿಸಿ ಡಾಕ್ಟರೇ! ಇದುವರೆಗೆ ಅದು ಯಾರನ್ನೂ ಕಚ್ಚಿದ್ದಿಲ್ಲ."

"ಕಚ್ಚಲಿ ಬಿಡಿ, ನಾನು ಅದನ್ನೇ ಕಾಯುತ್ತಿದ್ದೆ" ಎಂದು ಅವರು ನಕ್ಕರು.

ಆ ಒಂದು ಕಚ್ಚಿನಲ್ಲಿ ಭವಿಷ್ಯವಿತ್ತು. ಆಳದ ನೋವಿನ ಅರಿವು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ 100ರಲ್ಲಿ 90ಕ್ಕೂ ಹೆಚ್ಚು ನಾಯಿಗಳು ಮತ್ತೆ ನಡೆಯುತ್ತವೆ. ಅದೂ ಅಳಿದಿದ್ದರೆ ಸುಮಾರು 60 ಮಾತ್ರ. ಈ ಪರೀಕ್ಷೆ ಮುಗಿದ ಮೇಲೆಯೇ ಎಂ.ಆರ್.ಐ. ಮಾಡಿಸುವ ಮಾತು, ತಿರುಳು ಯಾವ ಮಣಿಯ ಬಳಿ, ಯಾವ ಪಕ್ಕಕ್ಕೆ ಚಿಮ್ಮಿದೆಯೆಂದು ತೋರಿಸುವುದು ಅದು. ಎಲ್ಲ ಕುಂಟೂ ಬೆನ್ನಿನದಲ್ಲ ಎಂಬುದನ್ನೂ ಅವರು ಹೇಳಿದರು. ದೊಡ್ಡ ಜಾತಿಗಳಲ್ಲಿ ಸೊಂಟದ ಕೀಲು, ಮೊಣಕಾಲಿನ ಕಟ್ಟು, ಕೆಲವೊಮ್ಮೆ ಉಣ್ಣೆಯಿಂದ ಬಂದ ಜ್ವರ. ಅವುಗಳ ದಾರಿ ಬೇರೆ.

ಖರ್ಚಿನ ಅಂದಾಜು ಕೇಳಿ ತಂದೆ ಮೌನವಾದರು. ಮಗಳಿಗೆ ಸ್ಕೂಟರ್ ಕೊಳ್ಳಲೆಂದು ಕೂಡಿಟ್ಟಿದ್ದ ಹಣ ಅಷ್ಟರಲ್ಲೇ ಮುಗಿಯುವಂತಿತ್ತು. ವೈದ್ಯರು ಒತ್ತಾಯಿಸಲಿಲ್ಲ. ಬರಿಯ ಗೂಡಿನ ವಿಶ್ರಾಂತಿಯಿಂದಲೂ ಚೇತರಿಸಿಕೊಳ್ಳುವ ನಾಯಿಗಳುಂಟು, ಆದರೆ ಅದು ನಿಧಾನ, ಕಾಯಿಲೆ ಮರುಕಳಿಸುವ ಭಯವೂ ಹೆಚ್ಚು ಎಂದು ಇದ್ದುದನ್ನು ಇದ್ದಂತೆ ಹೇಳಿದರು. "ಅಪ್ಪ, ಇನ್ನೊಂದು ವರ್ಷ ನಾನು ಬಸ್ಸಿನಲ್ಲೇ ಹೋಗುತ್ತೇನೆ" ಎಂದಳು ಮಗಳು. ಬೆಳಗಿನಿಂದ "ನಾಯಿಗೆ ಇಷ್ಟೆಲ್ಲ ಏಕೆ" ಎನ್ನುತ್ತಿದ್ದ ಅಜ್ಜಿ ಈಗ ಮಾತಾಡಲಿಲ್ಲ.

ಮಣಿಯ ಪಕ್ಕದ ಎಲುಬಿನಲ್ಲಿ ಕಿಂಡಿ ತೆರೆದು, ಒತ್ತುತ್ತಿದ್ದ ತಿರುಳನ್ನು ತೆಗೆದುದಾಯಿತು. ಆದರೆ ಶ್ರಮದ ಕೆಲಸ ಇದ್ದುದು ಮನೆಯಲ್ಲಿ. 4 ವಾರ ಗೂಡಿನ ವಾಸ, ನೆಗೆತವಿಲ್ಲ, ಮೆಟ್ಟಿಲಿಲ್ಲ. ಕಾಲು ಸೋತ ನಾಯಿಗೆ ಅನೇಕ ವೇಳೆ ಮೂತ್ರವೂ ಕಟ್ಟುವುದರಿಂದ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಯನ್ನು ಹದವಾಗಿ ಒತ್ತಿ ಖಾಲಿ ಮಾಡಿಸಬೇಕು, ತಡವಾದರೆ ಸೋಂಕು. ತಂದೆಗೆ ಆ ಹದ ಸಿಕ್ಕಲೇ ಇಲ್ಲ. ಮಗಳು ಕಾಲೇಜಿಗೆ ಹೋದ ಹೊತ್ತಿನಲ್ಲಿ ಆ ಕೆಲಸ ಅಜ್ಜಿಯ ಪಾಲಿಗೆ ಬಂದಿತು. ನಾಲ್ಕು ಮಕ್ಕಳನ್ನು ಬೆಳೆಸಿದ ಕೈ ಅದು. ಎರಡೇ ದಿನದಲ್ಲಿ ಕಲಿತರು. ಆಮೇಲೆ ಸ್ನಾನ ಮಾಡಿ ಮಡಿಯುಟ್ಟರು, ಅಷ್ಟೆ.

18ನೆಯ ದಿನ ಸಂಜೆ ಗೇಟಿನ ಚಿಲಕ ಸದ್ದಾಯಿತು. ಗೂಡಿನಲ್ಲಿದ್ದ ಮೋತಿ ನಾಲ್ಕು ಕಾಲಿನ ಮೇಲೆ ಎದ್ದು ನಿಂತಿತು, ಕುಡುಕನಂತೆ ವಾಲಿ ಬಿದ್ದಿತು, ಮತ್ತೆ ಎದ್ದಿತು.

ಈಗ ಆ ಮನೆಯ ನುಣುಪಾದ ಗ್ರಾನೈಟ್ ನೆಲದ ತುಂಬ ನಾರಿನ ಚಾಪೆಗಳು. ಮೋತಿ ಹತ್ತದಿರಲೆಂದು ಅಜ್ಜಿ ಸೋಫಾದ ಮೇಲೆ ಎರಡು ಸ್ಟೂಲುಗಳನ್ನು ಮಗುಚಿಟ್ಟಿದ್ದಾರೆ. ಬಂದ ನೆಂಟರು ಕುರ್ಚಿಯಲ್ಲಿ ಕೂರಬೇಕು.