ಸೈಕಲ್ ಸವಾರರ ಕಣ್ಣು

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಸೈಕಲ್ಲು ಬಡ ಗುಮಾಸ್ತೆಯ ವಾಹನವಾಗಿತ್ತು. ಇಂದಾದರೋ ಮನೆಯ ಮುಂದೆ ಕಾರು ನಿಂತಿರುವವರೇ ಬೆಳಗಿನ ಜಾವದಲ್ಲಿ ಸೈಕಲ್ಲೇರಿ ಹೊರಡುತ್ತಾರೆ. ಸೌತ್ ಎಂಡ್ ವೃತ್ತದಿಂದ ಹೊರಟು, ಜಯನಗರದ ಸಾಲುಮರಗಳ ನೆರಳಿನಲ್ಲಿ ಸಾಗಿ, ಜೆ.ಪಿ. ನಗರವನ್ನು ಹಾದು ಕನಕಪುರ ರಸ್ತೆಯನ್ನು ಹಿಡಿಯುವವರುಂಟು. ಬನಶಂಕರಿಯ ಕಡೆಯಿಂದ ತುರಹಳ್ಳಿಯ ಕಾಡಿನ ದಿಕ್ಕಿಗೆ ತಿರುಗುವವರುಂಟು. ಇವರಲ್ಲಿ ತಲೆಗೆ ಹೆಲ್ಮೆಟ್ ಧರಿಸಿದವರು ಅನೇಕರು. ಕೈಗೆ ಕವಚ ತೊಟ್ಟವರೂ ಕಡಮೆಯಿಲ್ಲ. ಆದರೆ ದಾರಿ ತೋರಿಸುವ ಕಣ್ಣಿನ ವಿಷಯದಲ್ಲಿ ಮಾತ್ರ ಹೆಚ್ಚಿನವರದು ಉದಾಸೀನ. ಇಲ್ಲವೇ ತಪ್ಪು ತಿಳಿವಳಿಕೆ.

ಈ ತಪ್ಪು ತಿಳಿವಳಿಕೆ ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಲು ಜಯನಗರದ ಒಂದು ಮಧ್ಯಮ ವರ್ಗದ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳು ಬಿ.ಟಿ.ಎಂ. ಬಡಾವಣೆಯ ಕಚೇರಿಯೊಂದಕ್ಕೆ ಪ್ರತಿದಿನ ಸೈಕಲ್ಲಿನಲ್ಲಿ ಹೋಗಿಬರುವವಳು. ಎಂಟನೆಯ ವಯಸ್ಸಿನಿಂದಲೂ ಕನ್ನಡಕಧಾರಿಣಿ. ಬೆವರಿಗೆ ಕನ್ನಡಕ ಮೂಗಿನಿಂದ ಜಾರುತ್ತದೆ. ಜಿಟಿಜಿಟಿ ಮಳೆಯಲ್ಲಿ ಅದರ ತುಂಬ ಹನಿಗಳು.

“ಅಪ್ಪಾ, ಈ ಕನ್ನಡಕದ ಸಹವಾಸ ಸಾಕಾಯಿತು. ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತೇನೆ.”

“ಹಾಕಿಕೋಮ್ಮ, ಬೇಡವೆನ್ನುವುದಿಲ್ಲ. ಆದರೆ ಸೈಕಲ್ ಮೇಲೆ ಹೋಗುವಾಗ ಕಣ್ಣಿಗೆ ಧೂಳು ಬಿದ್ದರೆ ಏನು ಗತಿ?”

“ಲೆನ್ಸ್ ಇದ್ದೇ ಇರುತ್ತದಲ್ಲ! ಅದೇ ತಡೆಯುತ್ತದೆ.”

ತಂದೆ ಸುಮ್ಮನಾಗುತ್ತಾರೆ. ಉತ್ತರ ಸಮರ್ಪಕವಾಗಿ ಕಂಡಿತೆಂದಲ್ಲ, ಮರುಪ್ರಶ್ನೆ ತೋಚಲಿಲ್ಲ. ಆದರೆ ಮಗಳ ಆ ಒಂದು ಮಾತಿನಲ್ಲೇ ಅಪಾಯದ ಬೀಜವಿದೆ. ಲೆನ್ಸ್ ದೃಷ್ಟಿಯನ್ನು ತಿದ್ದುತ್ತದೆ. ಅದು ಕಣ್ಣನ್ನು ಕಾಯುವುದಿಲ್ಲ. ತಿದ್ದುವುದು ಬೇರೆ, ಕಾಯುವುದು ಬೇರೆ. ಒಂದೊಂದಕ್ಕೂ ಒಂದೊಂದು ಸಾಧನವುಂಟು.

ಕಾಯಬೇಕಾದದ್ದು ಏನನ್ನು? ಕಣ್ಣಿನ ಮುಂಭಾಗದಲ್ಲಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರವನ್ನು. ನಡುವೆ ಅದರ ದಪ್ಪ ಹೆಚ್ಚುಕಡಮೆ ಅರ್ಧ ಮಿಲಿಮೀಟರು. ಅದರಲ್ಲಿ ರಕ್ತನಾಳಗಳಿಲ್ಲ; ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಒಮ್ಮೆ ಆಳವಾದ ಗಾಯವೋ ಹುಣ್ಣೋ ಆದರೆ ಅಲ್ಲಿ ಬಿಳಿಯ ಕಲೆ ಉಳಿದು, ದೃಷ್ಟಿಯೇ ಮಸುಕಾದೀತು. ಈ ಪದರದ ಬೆಲೆ ಏನೆಂಬುದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 2006ರಲ್ಲಿ ಡಾ. ರಾಜಕುಮಾರ್ ಅವರು ತೀರಿಕೊಂಡಾಗ ಅವರ ನೇತ್ರದಾನವಾಯಿತು. 2021ರ ಅಕ್ಟೋಬರ್ 29ರಂದು ಅವರ ಪುತ್ರ ಪುನೀತ್ ರಾಜಕುಮಾರ್ ಅಕಾಲದಲ್ಲಿ ಅಗಲಿದಾಗ, ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ದೊರಕಿಸಿದರು. ಪುನೀತ್ ಸ್ವತಃ ಸೈಕಲ್ ಸವಾರಿಯನ್ನು ಮೆಚ್ಚಿದವರು. ಇನ್ನೊಬ್ಬರು ದಾನವಾಗಿ ಪಡೆದು ಧನ್ಯರಾಗುವ ವಸ್ತುವನ್ನು, ಇರುವವರು ಬೀದಿಯ ಧೂಳಿಗೆ ಒಡ್ಡುವುದು ವಿವೇಕವಲ್ಲ.

ಲೆನ್ಸಿಗೂ ಸೈಕಲ್ಲಿಗೂ ಒಂದು ಹಳೆಯ ನಂಟಿರುವುದು ಸೋಜಿಗದ ಸಂಗತಿ. ಕಣ್ಣಿನ ಮೇಲೆ ಗಾಜಿನ ಮಸೂರವನ್ನು ಧರಿಸುವ ಪ್ರಯೋಗವನ್ನು ಅಡಾಲ್ಫ್ ಫಿಕ್ ಎಂಬ ಜರ್ಮನ್ ವೈದ್ಯನು 1888ರಲ್ಲಿಯೇ ಪ್ರಕಟಿಸಿದ್ದನು. ಆದರೆ ಇಂದಿನ ಮೃದು ಲೆನ್ಸಿನ ಜನ್ಮವಾದದ್ದು 1961ರ ಕ್ರಿಸ್‌ಮಸ್ ರಜೆಯಲ್ಲಿ, ಚೆಕೊಸ್ಲೊವಾಕಿಯದ ಒಂದು ಮನೆಯಲ್ಲಿ. ಆಟೊ ವಿಖ್ಟರ್ಲೆ ಎಂಬ ರಸಾಯನ ವಿಜ್ಞಾನಿ ಮಕ್ಕಳ ಆಟದ ಲೋಹದ ಪಟ್ಟಿಗಳನ್ನು ಜೋಡಿಸಿ ಒಂದು ಯಂತ್ರ ಮಾಡಿ, ಅದನ್ನು ತಿರುಗಿಸಲು ಸೈಕಲ್ಲಿನ ದೀಪದ ಡೈನಮೊವನ್ನು ಕಟ್ಟಿ, ತಿರುಗುವ ಅಚ್ಚಿನಲ್ಲಿ ನೀರು ಹೀರುವ ಪ್ಲಾಸ್ಟಿಕ್ಕಿನಿಂದ ಮೊದಲ ಲೆನ್ಸುಗಳನ್ನು ತೆಗೆದನು.

ಇನ್ನು ಆಯ್ಕೆಯ ಮಾತು. ಹಳೆಯ ಕನ್ನಡಕದ ಚೀಟಿಯನ್ನು ಹಿಡಿದು ಅಂಗಡಿಗೆ ಹೋಗಿ ಅದೇ ನಂಬರಿನ ಲೆನ್ಸ್ ಕೇಳುವುದು ಮೊದಲನೆಯ ತಪ್ಪು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರು ದೂರದಲ್ಲಿರುತ್ತದೆ; ಲೆನ್ಸ್ ಕಣ್ಣಿಗೆ ಅಂಟಿಕೊಂಡಿರುತ್ತದೆ. ಆದುದರಿಂದ ನಂಬರು 4ನ್ನು ಮೀರಿದರೆ ಲೆಕ್ಕ ಬದಲಾಗುತ್ತದೆ. ಕನ್ನಡಕದಲ್ಲಿ ಮೈನಸ್ 6 ಇದ್ದವರಿಗೆ ಲೆನ್ಸಿನಲ್ಲಿ ಮೈನಸ್ 5.5ರ ಆಸುಪಾಸು ಸಾಕಾಗುತ್ತದೆ. ಇದಲ್ಲದೆ ಕಾರ್ನಿಯಾದ ಬಾಗು, ಕಣ್ಣೀರಿನ ಪ್ರಮಾಣ, ರೆಪ್ಪೆಯ ಆರೋಗ್ಯ ಇವೆಲ್ಲವನ್ನೂ ದೃಷ್ಟಿಪರೀಕ್ಷಕರು ನೋಡತಕ್ಕದ್ದು. ‘ಸಿಲಿಂಡರ್’ ನಂಬರು ಇದ್ದವರಿಗೆ ಟೋರಿಕ್ ಎಂಬ ಬೇರೆ ಬಗೆಯ ಲೆನ್ಸ್ ಬೇಕು.

ಗಟ್ಟಿ ಲೆನ್ಸ್ ಸ್ಪಷ್ಟವಾದ ನೋಟವನ್ನು ಕೊಡುವುದೇನೋ ನಿಜ. ಆದರೆ ಅದರ ಅಡಿಗೆ ಧೂಳಿನ ಕಣವೊಂದು ಸೇರಿದರೆ ಸವಾರನು ನಡುರಸ್ತೆಯಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕಾದೀತು. ಸೈಕಲ್ಲಿನವರಿಗೆ ಸಾಮಾನ್ಯವಾಗಿ ಮೃದು ಲೆನ್ಸೇ ಹಿತ. ಅದರಲ್ಲಿಯೂ ಗಾಳಿಯನ್ನು ಹೆಚ್ಚಾಗಿ ಒಳಬಿಡುವ ಸಿಲಿಕೋನ್ ಹೈಡ್ರೊಜೆಲ್ಲಿನದು, ಬೆಳಿಗ್ಗೆ ಧರಿಸಿ ಸಂಜೆ ಎಸೆಯುವಂಥದು ಉತ್ತಮ. ಧೂಳು ಕುಡಿದ ಲೆನ್ಸನ್ನು ಮರುದಿನ ಮತ್ತೆ ಧರಿಸುವ ಪ್ರಮೇಯವೇ ಅಲ್ಲಿಲ್ಲ. ಎಸೆಯಬೇಕಾದುದನ್ನು ತೊಳೆದು ಎರಡನೆಯ ದಿನಕ್ಕೆ ಇಟ್ಟುಕೊಳ್ಳುವುದು, ಲೆನ್ಸ್ ಧರಿಸಿಯೇ ನಿದ್ರೆ ಮಾಡುವುದು, ಇವೆರಡೂ ಉಳಿತಾಯದಂತೆ, ಅನುಕೂಲದಂತೆ ತೋರುವ ಶತ್ರುಗಳು.

ಎಷ್ಟೇ ಉತ್ತಮವಾದ ಲೆನ್ಸಾದರೂ ಅದು ಮುಚ್ಚುವುದು ಕಣ್ಣಿನ ಕರಿಯ ಭಾಗವನ್ನು, ಹೆಚ್ಚೆಂದರೆ ಅದರ ಸುತ್ತಲಿನ ಒಂದು ಅಂಚನ್ನು. ಬೀದಿಯಾದರೋ ಅಷ್ಟಕ್ಕೇ ಗುರಿಯಿಡುವುದಿಲ್ಲ. ಮಡಿವಾಳ ಕೆರೆಯ ಬಳಿ, ಸಾರಕ್ಕಿ ಕೆರೆಯ ಬಳಿ ಸಂಜೆ ಹೊತ್ತು ಹುಳುಗಳು ಮುಖಕ್ಕೆ ಬಡಿಯುತ್ತವೆ. ಮರಳಿನ ಲಾರಿಯ ಹಿಂದೆ ಸಿಕ್ಕವರ ಪಾಡು ಹೇಳತೀರದು. ಬಿ.ಟಿ.ಎಂ. ಬಡಾವಣೆಯ ಪಕ್ಕದಲ್ಲಿ 2025ರ ಆಗಸ್ಟಿನಲ್ಲಿ ಮೆಟ್ರೊ ಓಡತೊಡಗುವವರೆಗೆ ವರ್ಷಗಟ್ಟಲೆ ಕುಡಿದ ಕಾಮಗಾರಿಯ ಧೂಳನ್ನು ಆ ದಾರಿಯವರು ಮರೆತಿರಲಾರರು. ಗಾಳಿಯ ರಭಸಕ್ಕೆ ಕಣ್ಣೀರು ಆರಿ, ಲೆನ್ಸ್ ಒಣಗಿ, ನೋಟ ಮಂಜಾಗುವುದೂ ಉಂಟು. ಆದುದರಿಂದ ಲೆನ್ಸ್ ಧರಿಸಿದವರಿಗೆ ಹೊರಗಿನ ಕನ್ನಡಕ ಇನ್ನಷ್ಟು ಅಗತ್ಯ. ದೃಷ್ಟಿದೋಷವಿಲ್ಲದವರಿಗೂ ಅದು ಬೇಡವೆಂದಲ್ಲ.

ಈ ರಕ್ಷಣಾ ಕನ್ನಡಕದಲ್ಲಿ ನೋಡಬೇಕಾದದ್ದು ಮೂರು. ಮೊದಲನೆಯದು ವಸ್ತು. ಸಾಧಾರಣ ಗಾಜು ಪೆಟ್ಟು ಬಿದ್ದರೆ ಚೂರಾಗಿ ಕಣ್ಣಿಗೇ ಹೊಕ್ಕೀತು. ಪಾಲಿಕಾರ್ಬೊನೇಟ್ ಸುಲಭವಾಗಿ ಒಡೆಯುವುದಿಲ್ಲ, ಹಗುರ, ಅತಿನೇರಳೆ ಕಿರಣಗಳನ್ನೂ ತಾನಾಗಿಯೇ ತಡೆಯುತ್ತದೆ. ಬೇಗ ಗೀರು ಬೀಳುವುದೊಂದೇ ಅದರ ದೋಷ. ಪೆಟ್ಟು ತಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಕನ್ನಡಕದ ಮೇಲೆ ‘ಝಡ್ 87 ಪ್ಲಸ್’ ಎಂಬ ಅಮೆರಿಕದ ಗುರುತೋ ‘ಇ.ಎನ್. 166’ ಎಂಬ ಯೂರೋಪಿನ ಗುರುತೋ ಇರುತ್ತದೆ.

ಎರಡನೆಯದು ಬಣ್ಣ. ಕಪ್ಪು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚೆಂಬುದು ಜನರ ಭ್ರಮೆ. ಅತಿನೇರಳೆ ಕಿರಣಗಳನ್ನು ತಡೆಯದ ಅಗ್ಗದ ಕಪ್ಪು ಕನ್ನಡಕದ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಆ ಕಿರಣಗಳಿಗೆ ಬಾಗಿಲನ್ನು ಇನ್ನಷ್ಟು ತೆರೆದಂತಾಗುತ್ತದೆ. ‘ಯು.ವಿ. 400’ ಎಂಬ ಗುರುತನ್ನು ನೋಡಿ ಕೊಳ್ಳುವುದು ಲೇಸು. ನಡುಹಗಲಿಗೆ ಬೂದು ಬಣ್ಣ ಸರಿ. ಮುಂಜಾನೆಗೂ ಸಂಜೆಗೂ ರಾತ್ರಿಗೂ ಬಣ್ಣವಿಲ್ಲದ ಸ್ವಚ್ಛ ಕನ್ನಡಕವೇ ಸರಿ. ಬಿಸಿಲಿಗೆ ತಾನೇ ಕಪ್ಪಾಗುವ ಮಸೂರ ಮತ್ತೆ ತಿಳಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ. ಬಿಸಿಲಿನಿಂದ ಒಮ್ಮೆಲೇ ಕೆಳಸೇತುವೆಯ ಕತ್ತಲೆಗೆ ಇಳಿಯುವವರು ಇದನ್ನು ನೆನಪಿಡಬೇಕು.

ಮೂರನೆಯದು ಆಕಾರ. ಕಪೋಲಕ್ಕೂ ಹುಬ್ಬಿಗೂ ಒತ್ತಿದಂತೆ ಸುತ್ತುವರಿದಿರಬೇಕು. ಆದರೆ ಬೆವರಿನ ಆವಿ ಹೊರಹೋಗಲು ಸಣ್ಣ ಸಂದು ಇರಲೇಬೇಕು. ಕೊಳ್ಳುವ ದಿನ ಹೆಲ್ಮೆಟ್ಟನ್ನೂ ಜೊತೆಗೆ ಒಯ್ದು, ಎರಡನ್ನೂ ಧರಿಸಿ, ತಲೆಬಗ್ಗಿಸಿ, ಹಿಂತಿರುಗಿ ನೋಡಿ ಪರೀಕ್ಷಿಸುವುದು ಜಾಣತನ. ಭುಜದ ಮೇಲಿಂದ ಹಿಂದಿನ ಬಸ್ಸು ಕಾಣದಂತೆ ಅಡ್ಡಬರುವ ಚೌಕಟ್ಟು ಎಷ್ಟು ಅಂದವಾಗಿದ್ದರೇನು?

ಇಷ್ಟೆಲ್ಲ ಎಚ್ಚರವಿದ್ದೂ ಕಣ್ಣಿಗೆ ಕಸ ಬಿದ್ದರೆ? ಕೂಡಲೇ ಸೈಕಲ್ಲನ್ನು ಬದಿಗೆ ನಿಲ್ಲಿಸಬೇಕು, ಕಣ್ಣುಜ್ಜಬಾರದು. ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡು ಲೆನ್ಸನ್ನು ತೆಗೆದು ಎಸೆಯಬೇಕು. ಬಹುಮಂದಿ ಎಡವುವುದು ಇಲ್ಲಿಯೇ: ತೆಗೆದ ಲೆನ್ಸನ್ನು ನಲ್ಲಿಯ ನೀರಿನಲ್ಲಿ ಅದ್ದಿ ಮತ್ತೆ ಹಾಕಿಕೊಳ್ಳುತ್ತಾರೆ. ಕಾವೇರಿಯ ನೀರೇ ಆಗಲಿ, ಕೊಳವೆಬಾವಿಯದಾಗಲಿ, ಟ್ಯಾಂಕರಿನದಾಗಲಿ, ಲೆನ್ಸಿಗೆ ಸೋಕಬಾರದು. ನೀರಿನಲ್ಲಿರುವ ಅಕಾಂಥಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿಯಲ್ಲಿ ನೆಲೆಸಿದರೆ ಕಾರ್ನಿಯಾವನ್ನು ಹುಣ್ಣಾಗಿಸುತ್ತದೆ; ಅದರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದು. ಚೀಲದಲ್ಲಿ ಹಳೆಯ ಕನ್ನಡಕವೊಂದು ಇದ್ದರೆ ಮನೆ ಸೇರಲು ತೊಂದರೆಯಿಲ್ಲ. ಕೆಂಪು, ನೋವು, ಬೆಳಕು ಸಹಿಸಲಾಗದಿರುವುದು, ಮಂಜು ಇವುಗಳಲ್ಲಿ ಯಾವುದೊಂದು ಉಳಿದರೂ ಅಂದೇ ನೇತ್ರವೈದ್ಯರನ್ನು ಕಾಣತಕ್ಕದ್ದು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಮಾತ್ರ ಇಳಿದು ಹುಣ್ಣು ಒಳಗೆ ಬೆಳೆದೀತು. 1896ರಲ್ಲಿ ಆರಂಭವಾದ ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆ ಚಾಮರಾಜಪೇಟೆಯಲ್ಲಿ, ದಕ್ಷಿಣದ ಬಡಾವಣೆಗಳಿಗೆ ಹತ್ತಿರದಲ್ಲಿಯೇ ಇದೆ.

ಮೊದಲು ಕಲ್ಪಿಸಿಕೊಂಡ ಮನೆಗೆ ಮರಳಿದರೆ, ಅಲ್ಲಿ ತಂದೆಯ ಶಂಕೆ ಸರಿ. ಮಗಳ ಆಸೆಯೂ ತಪ್ಪಲ್ಲ. ಪರೀಕ್ಷೆ ಮಾಡಿಸಿ ಅವಳು ಲೆನ್ಸ್ ಧರಿಸಲಿ, ಅದರ ಮೇಲೆ ಸ್ವಚ್ಛವಾದ ರಕ್ಷಣಾ ಕನ್ನಡಕವನ್ನು ಹಾಕಿಕೊಂಡು ಹೊರಡಲಿ. ಗೇಟಿನ ಬಳಿ ತಂದೆ ತರಕಾರಿ ತರಲು ತಮ್ಮ ಹಳೆಯ ಸೈಕಲ್ಲನ್ನು ಒರೆಸುತ್ತಿರುತ್ತಾರೆ. ಅವರ ಬರಿಗಣ್ಣನ್ನು ನೋಡಿ ಮಗಳು ಕೇಳದೆ ಇರಲಾರಳು:

“ಅಪ್ಪಾ, ನಾಲ್ಕನೆಯ ಬ್ಲಾಕಿನ ಧೂಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲವೆ?”

ಮರುಪ್ರಶ್ನೆ ಈ ಸಲವೂ ತಂದೆಗೆ ತೋಚಲಾರದು. ಸಂಜೆ ಅಂಗಡಿಗೆ ಹೋಗುವಾಗ ಒಂದರ ಬದಲು ಎರಡು ಕನ್ನಡಕ ಕೊಂಡರಾಯಿತು.