ನಿಧಾನ ಕಲಿಕೆಯ ಮಕ್ಕಳ ಗಣಿತ ಕಲಿಕೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು

ಇವರಿಂದ,
ಸರ್ಕಾರಿ ಶಾಲೆಗಳ ಗಣಿತ ಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರು

ವಿಷಯ: ನಿಧಾನ ಕಲಿಕೆಯ ಹೆಣ್ಣು, ಗಂಡು ಮಕ್ಕಳೆಲ್ಲರಿಗೂ ಗಣಿತದಲ್ಲಿ ಸರಿಯಾದ ಪರಿಹಾರ ಬೋಧನೆ ಒದಗಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಶೇ. 81.11ರಷ್ಟು ಹುಡುಗಿಯರು ತೇರ್ಗಡೆಯಾದರೆ ಹುಡುಗರ ಪ್ರಮಾಣ ಶೇ. 65.90. ಇಂಥ ಫಲಿತಾಂಶ ನೋಡಿ, ಕಲಿಕೆಯಲ್ಲಿ ಹಿಂದುಳಿಯುವವರು ಹುಡುಗರೇ ಎಂಬ ಮಾತು ಶಿಕ್ಷಕರ ಕೊಠಡಿಗಳಲ್ಲಿ ಗಟ್ಟಿಯಾಗಿದೆ. ತರಗತಿಯೊಳಗಿನ ಸ್ಥಿತಿ ಹಾಗಿಲ್ಲ.

52ರಲ್ಲಿ 27 ಕಳೆಯಲು ಹೇಳಿದರೆ ಏಳನೇ ತರಗತಿಯಲ್ಲೂ 35 ಎಂದು ಬರೆಯುವ ಮಕ್ಕಳಿದ್ದಾರೆ. ‘ಎರಡರಲ್ಲಿ ಏಳು ಹೋಗಲ್ಲ ಸರ್, ಅದಕ್ಕೆ ಏಳರಲ್ಲಿ ಎರಡು ತೆಗೆದೆ’ ಎನ್ನುತ್ತಾರೆ. ಹುಡುಗ ಹಾಗೆ ಬರೆದು ಗಲಾಟೆಯನ್ನೂ ಮಾಡಿದರೆ ತಕ್ಷಣ ನಿಧಾನ ಕಲಿಕೆಯವರ ಪಟ್ಟಿಗೆ ಸೇರುತ್ತಾನೆ. ಅದೇ ತಪ್ಪು ಮಾಡಿದ ಹುಡುಗಿ ಹಲಗೆ ನೋಡಿ ಉತ್ತರ ತಿದ್ದಿಕೊಂಡು, ಅಂಚಿಗೆ ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ನೋಟ್ಸ್ ಒಪ್ಪಿಸುತ್ತಾಳೆ. ಅದರ ಕೆಳಗೆ ‘ಉತ್ತಮ’ ಎಂದು ಸಹಿ ಬೀಳುತ್ತದೆ. ಸಹಿ ಹಾಕುವವರು ನಾವೇ ಎಂಬುದನ್ನು ಮರೆಮಾಚುತ್ತಿಲ್ಲ. ಹತ್ತನೇ ತರಗತಿಗೆ ಬಂದಾಗ, ಪಾಸಾಗಲು ಬೇಕಾದಷ್ಟನ್ನೇ ಬಾಯಿಪಾಠ ಮಾಡಿಸುವ ಪಾಸಿಂಗ್ ಪ್ಯಾಕೇಜ್ ಕೈಗೆ ಬರುತ್ತದೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಬಾಯಿಪಾಠದಿಂದ ತಪ್ಪಿಲ್ಲದೆ ಬರೆಯುವ ಹುಡುಗಿಗೆ ದಶಕ ಬಿಡಿಸಿ ಕಳೆಯುವುದು ಆಗಲೂ ಬಂದಿರುವುದಿಲ್ಲ. ಅವಳು ಪಾಸಾದವರ ಲೆಕ್ಕದಲ್ಲಿ ಸೇರಿಹೋಗುತ್ತಾಳೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಸ್ಥಾನವಿದೆ, ನಿಧಾನ ಕಲಿಕೆಗೆ ಇಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಪ್ರಕರಣದ ಪ್ರಕಾರ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು, ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ. ಅದನ್ನು ಪಾಲಿಸಲು ಬೇಕಾದ ವೇಳೆ, ಸಾಮಗ್ರಿಗಳನ್ನೇ ನಾವು ಕೇಳುತ್ತಿರುವುದು.

ನಿಧಾನ ಕಲಿಕೆಯ ಮಕ್ಕಳನ್ನು ಕೇವಲ ಅಂಕ, ನೋಟ್ಸ್ ನೋಡಿ ಗುರುತಿಸುವ ಪದ್ಧತಿ ನಿಲ್ಲಬೇಕು. ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿ ‘ಈ ಉತ್ತರ ಹೇಗೆ ಬಂತು?’ ಎಂದು ಕೇಳುವ ಮೌಖಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿಯಾದರೂ ನಡೆಯಲಿ. ಅದರ ದಾಖಲೆ ಹುಡುಗ, ಹುಡುಗಿಯರಿಗೆ ಪ್ರತ್ಯೇಕವಾಗಿರಲಿ. ಪರಿಹಾರ ಬೋಧನೆಯನ್ನು ಶಾಲಾ ವೇಳಾಪಟ್ಟಿಯೊಳಗೇ ಸೇರಿಸಬೇಕು. ಸಂಜೆಯ ವಿಶೇಷ ತರಗತಿಗೆ ಮೊದಲು ತಪ್ಪಿಸಿಕೊಳ್ಳುವವರು ಹುಡುಗಿಯರು: ಬಸ್ಸು ಹೋಗಿಬಿಡುತ್ತದೆ, ಮನೆಯಲ್ಲಿ ಪಾತ್ರೆ ಕಾದಿರುತ್ತವೆ, ತಮ್ಮನನ್ನು ನೋಡಿಕೊಳ್ಳಬೇಕು. ಹಿರಿಯ ತರಗತಿಗಳಿಗೂ ಕಡ್ಡಿಕಟ್ಟು, ಮಣಿಸರ, ಆಟದ ನೋಟುಗಳನ್ನು ಒದಗಿಸಬೇಕು. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸುವ ಅವಕಾಶ ಮನೆಯಲ್ಲಿ ಹೆಚ್ಚಾಗಿ ಗಂಡುಮಕ್ಕಳಿಗೇ ಸಿಗುವುದರಿಂದ ಈ ನೋಟುಗಳು ಹುಡುಗಿಯರಿಗೆ ಮುಖ್ಯ. ಮೊಳ ಹಾಕಿ ಹೂವು ಮಾರುವ ಲೆಕ್ಕ ಹುಡುಗರಿಗೂ ಇರಲಿ, ನಷ್ಟವೇನಿಲ್ಲ.

ಕೊನೆಯದಾಗಿ, ಶಾಲೆಯ ಫಲಿತಾಂಶದ ಶೇಕಡಾವಾರು ಕುಸಿಯಿತೆಂದು ಶಿಕ್ಷಕರಿಗೆ ನೋಟಿಸ್ ನೀಡುವ ಕ್ರಮ ಕೈಬಿಡದ ಹೊರತು ಪಾಸಿಂಗ್ ಪ್ಯಾಕೇಜ್ ನಿಲ್ಲುವುದಿಲ್ಲ.

ಆದ್ದರಿಂದ ತಾವು ಈ ಬೇಡಿಕೆಗಳನ್ನು ಪರಿಶೀಲಿಸಿ, ದಸರಾ ರಜೆಗೆ ಮುನ್ನವೇ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿದಾರರು)